ಮಾತ್ರೆಯೂ ಊಟವೂ ಜೊತೆಗಿರಲಿ: ತಪಸ್ಸುಕಾಲದಲ್ಲಿ ಸಕ್ಕರೆ ಕಾಯಿಲೆಯವರಿಗೊಂದು ಪಾಠ



ಕಳೆದ ವರ್ಷ ತಪಸ್ಸುಕಾಲದ ಒಂದು ಶುಕ್ರವಾರ ಸಂಜೆ. ದೇವಾಲಯದಲ್ಲಿ ಶಿಲುಬೆಹಾದಿ ನಡೆಯುತ್ತಿತ್ತು. ಹಿಂದಿನ ಸಾಲಿನಲ್ಲಿ ನಿಂತಿದ್ದ 67 ವರ್ಷದ ತಾಯಿಯೊಬ್ಬರು ಮೈಯೆಲ್ಲಾ ಬೆವರಿ, ಕೈ ನಡುಗಿ ಬೆಂಚಿನ ಮೇಲೆ ಕುಸಿದು ಕುಳಿತರು. "ಸೆಕೆ ಜಾಸ್ತಿ" ಎಂದರು ಕೆಲವರು. "ಉಪವಾಸದ ಸುಸ್ತು" ಎಂದರು ಇನ್ನು ಕೆಲವರು. ಪಕ್ಕದಲ್ಲಿದ್ದ ಸಿಸ್ಟರ್ ಮಾತ್ರ, "ಅಮ್ಮಾ, ಇವತ್ತು ಸಕ್ಕರೆ ಮಾತ್ರೆ ತಗೊಂಡ್ರಾ?" ಎಂದು ಕೇಳಿದರು. "ತಗೊಂಡೆ ಸಿಸ್ಟರ್. ಮಾತ್ರೆ ಬಿಡಬಾರದು ಅಂತ ಡಾಕ್ಟರ್ ಹೇಳವ್ರಲ್ಲ. ಊಟ ಮಾತ್ರ ಬಿಟ್ಟಿದ್ದೆ" ಎಂದರು ಆ ತಾಯಿ.

ಸಕ್ಕರೆ ನೀರು ಕುಡಿಸಿದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಚೇತರಿಸಿಕೊಂಡರು. ಮನೆಗೆ ಕರೆದೊಯ್ದು ಅವರ ಮಾತ್ರೆ ಡಬ್ಬಿ ತೆರೆದಾಗ ಇನ್ನೊಂದು ವಿಷಯ ಗೊತ್ತಾಯಿತು. ಎರಡು ಕಡೆಯಿಂದ ಪಡೆದ ಎರಡು ಪಟ್ಟಿ ಮಾತ್ರೆಗಳು ಅಲ್ಲಿದ್ದವು. ಬಣ್ಣ ಬೇರೆ, ಮೇಲಿನ ಹೆಸರು ಬೇರೆ, ಒಳಗಿನ ಔಷಧ ಒಂದೇ. ಆ ತಾಯಿ ಎರಡನ್ನೂ ತಪ್ಪದೆ ನುಂಗುತ್ತಿದ್ದರು.

ಅವರು ವೈದ್ಯರ ಮಾತನ್ನೂ ಪಾಲಿಸಿದ್ದರು, ಭಕ್ತಿಯನ್ನೂ ಪಾಲಿಸಿದ್ದರು. ಎರಡನ್ನೂ ಜೋಡಿಸುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈ ತಪ್ಪು ನಮ್ಮೆಲ್ಲರದೂ ಹೌದು. ಆದ್ದರಿಂದ ಈ ತಿಂಗಳ ಪಾಠವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ಅವರ ಪಕ್ಕ ಕುಳಿತು, ಮಾತ್ರೆ ಡಬ್ಬಿಯನ್ನು ಮುಂದಿಟ್ಟುಕೊಂಡು ಓದಿರಿ.

ಧರ್ಮಸಭೆ ಏನು ಹೇಳುತ್ತದೆ?

ಮೊದಲು ಮನಸ್ಸಿನ ಅಳುಕನ್ನು ಕಳೆಯೋಣ. 1983ರ ಧರ್ಮಸಭೆಯ ಕಾನೂನು ಸಂಹಿತೆಯಂತೆ ಉಪವಾಸದ ಕಡ್ಡಾಯ ದಿನಗಳು ವರ್ಷಕ್ಕೆ ಎರಡೇ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಈ ನಿಯಮ 18 ವರ್ಷ ತುಂಬಿದವರಿಂದ 59 ವರ್ಷ ತುಂಬುವವರೆಗಿನವರಿಗೆ ಮಾತ್ರ. ಆ ತಾಯಿಗೆ ವಯಸ್ಸಿನಿಂದಲೇ ಉಪವಾಸದ ಕಡ್ಡಾಯ ಇರಲಿಲ್ಲ. ವಯಸ್ಸು ಕಡಿಮೆ ಇದ್ದರೂ, ಉಪವಾಸದಿಂದ ಆರೋಗ್ಯಕ್ಕೆ ಅಪಾಯವಿರುವ ರೋಗಿಗಳನ್ನು ಧರ್ಮಸಭೆ ಬಲವಂತ ಮಾಡುವುದಿಲ್ಲ. ಸಂಶಯವಿದ್ದರೆ ಧರ್ಮಕೇಂದ್ರದ ಗುರುಗಳನ್ನು ಕೇಳಿ. ಸಕಾರಣವಿದ್ದರೆ ವಿನಾಯಿತಿ ಕೊಡಲು, ಅಥವಾ ಉಪವಾಸದ ಬದಲು ಬೇರೊಂದು ಪುಣ್ಯಕಾರ್ಯವನ್ನು ಸೂಚಿಸಲು ಅವರಿಗೆ ಅಧಿಕಾರವಿದೆ.

ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದ ಬಗ್ಗೆಯೂ ಹಲವರಿಗೆ ಗೊಂದಲವಿದೆ. ನೀರು ಮತ್ತು ಔಷಧ ಈ ಉಪವಾಸವನ್ನು ಮುರಿಯುವುದಿಲ್ಲ. ವೃದ್ಧರು, ರೋಗಿಗಳು ಮತ್ತು ಅವರ ಆರೈಕೆ ಮಾಡುವವರು ಆ ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಬಲಿಪೂಜೆಯ ನಡುವೆ ಸಕ್ಕರೆ ಇಳಿದಂತಾದರೆ ಕುಳಿತಲ್ಲಿಯೇ ಗ್ಲೂಕೋಸ್ ತಗೊಳ್ಳಿ. ನಾಚಿಕೆ ಬೇಡ, ಪಾಪವೆಂಬ ಭಯವೂ ಬೇಡ.

ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಓದಿರಿ. ವೈದ್ಯನನ್ನು ಗೌರವಿಸಬೇಕು, ಮಣ್ಣಿನಿಂದ ಔಷಧವನ್ನು ಬರಿಸಿದವರು ದೇವರೇ, ಕಾಯಿಲೆ ಬಂದಾಗ ಪ್ರಾರ್ಥನೆಯನ್ನೂ ಬಿಡಬಾರದು ವೈದ್ಯನನ್ನೂ ಬಿಡಬಾರದು ಎಂಬ ಬೋಧನೆ ಅಲ್ಲಿದೆ.

ಮಾತ್ರೆಗಳೆಲ್ಲ ಒಂದೇ ಅಲ್ಲ

ನಮ್ಮಲ್ಲಿ ಎಲ್ಲವನ್ನೂ "ಶುಗರ್ ಮಾತ್ರೆ" ಎಂದು ಒಂದೇ ಹೆಸರಿನಿಂದ ಕರೆಯುತ್ತೇವೆ. ಅಪಾಯ ಶುರುವಾಗುವುದು ಇಲ್ಲಿಂದಲೇ. ಎರಡನೆಯ ಬಗೆಯ ಸಕ್ಕರೆ ಕಾಯಿಲೆಯಲ್ಲಿ ದೇಹದಲ್ಲಿರುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಬರಬರುತ್ತಾ ಅದು ತಯಾರಾಗುವುದೂ ಕಡಿಮೆಯಾಗುತ್ತದೆ. ಒಂದೊಂದು ಮಾತ್ರೆ ಒಂದೊಂದು ದಾರಿಯಲ್ಲಿ ಇದಕ್ಕೆ ನೆರವಾಗುತ್ತದೆ. ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಸಣ್ಣ ಅಕ್ಷರದಲ್ಲಿರುವುದೇ ಔಷಧದ ನಿಜವಾದ ಹೆಸರು. ಅದನ್ನೇ ನೋಡಬೇಕು.

ಮೆಟ್‌ಫಾರ್ಮಿನ್: ಹೆಚ್ಚಿನವರಿಗೆ ಮೊದಲು ಕೊಡುವ ಮಾತ್ರೆ ಇದು. ಲಿವರ್‌ನಿಂದ ರಕ್ತಕ್ಕೆ ಸೇರುವ ಸಕ್ಕರೆಯನ್ನು ತಗ್ಗಿಸುತ್ತದೆ. ಇದೊಂದನ್ನೇ ತಗೊಳ್ಳುವವರಲ್ಲಿ ಸಕ್ಕರೆ ಅತಿಯಾಗಿ ಇಳಿಯುವುದು ಅಪರೂಪ. ಹೊಟ್ಟೆ ತೊಳಸುವುದು, ಭೇದಿ ಆಗಬಹುದು. ಆದ್ದರಿಂದ ಊಟದ ಜೊತೆ ಅಥವಾ ಊಟವಾದ ಕೂಡಲೇ ತಗೊಳ್ಳಬೇಕು. ವರ್ಷಗಟ್ಟಲೆ ತಗೊಂಡರೆ ಬಿ12 ಜೀವಸತ್ವ ಕಡಿಮೆಯಾಗಬಹುದು. ಕಾಲು ಜುಮುಗುಟ್ಟಿದರೆ ಅಥವಾ ಬಹಳ ಸುಸ್ತಾದರೆ ವೈದ್ಯರಿಗೆ ಹೇಳಿ. ಕಿಡ್ನಿ ಬಹಳ ದುರ್ಬಲವಾದವರಿಗೆ ಈ ಮಾತ್ರೆ ಕೊಡುವುದಿಲ್ಲ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್: ಇವು ಮೇದೋಜೀರಕ ಗ್ರಂಥಿಯಿಂದ ಹೆಚ್ಚು ಇನ್ಸುಲಿನ್ ಬರುವಂತೆ ಮಾಡುತ್ತವೆ. ನೀವು ಊಟ ಮಾಡಿದ್ದೀರೋ ಇಲ್ಲವೋ ಎಂದು ಇವು ಕೇಳುವುದಿಲ್ಲ. ಊಟ ಬಿಟ್ಟು ಈ ಮಾತ್ರೆ ತಗೊಂಡರೆ ಸಕ್ಕರೆ ಕುಸಿಯುತ್ತದೆ. ನಮ್ಮ ತಾಯಿಗೆ ಆದದ್ದು ಇದೇ. ವಯಸ್ಸಾದವರು ಮತ್ತು ಕಿಡ್ನಿ ತೊಂದರೆ ಇರುವವರು ಹೆಚ್ಚು ಎಚ್ಚರವಾಗಿರಬೇಕು.

ವೋಗ್ಲಿಬೋಸ್, ಅಕಾರ್ಬೋಸ್: ಅನ್ನ, ಮುದ್ದೆ, ಚಪಾತಿಯ ಪಿಷ್ಟ ಬೇಗ ಸಕ್ಕರೆಯಾಗದಂತೆ ಕರುಳಿನಲ್ಲಿ ತಡೆಯುತ್ತವೆ. ಇವು ಊಟದ ಜೊತೆಗಿನ ಮಾತ್ರೆಗಳು. ಊಟವಿಲ್ಲದಿದ್ದರೆ ಇವುಗಳಿಗೆ ಕೆಲಸವಿಲ್ಲ.

ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್: "ಗ್ಲಿಪ್ಟಿನ್" ಎಂದು ಕೊನೆಗೊಳ್ಳುವ ಇವು ಸಕ್ಕರೆಯನ್ನು ಅತಿಯಾಗಿ ಇಳಿಸುವುದು ಕಡಿಮೆ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್: ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಹೃದಯಕ್ಕೂ ಕಿಡ್ನಿಗೂ ಇವುಗಳಿಂದ ಲಾಭವುಂಟು. ಆದರೆ ಮೈಯಲ್ಲಿ ನೀರು ಕಡಿಮೆಯಾಗಬಹುದು, ಮೂತ್ರದ ಜಾಗದಲ್ಲಿ ತುರಿಕೆ ಬರಬಹುದು. ದಿನವಿಡೀ ಊಟ ನೀರಿಲ್ಲದೆ ಇದ್ದರೆ ರಕ್ತ ಆಮ್ಲೀಯವಾಗುವ ಗಂಭೀರ ಸ್ಥಿತಿ ಬರಬಹುದು. ಆಗ ಮೀಟರಿನಲ್ಲಿ ಸಕ್ಕರೆ ಬಹಳ ಏರಿರದೇ ಇರಬಹುದು, ಅದೇ ಇದರ ಮೋಸ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಪಯೋಗ್ಲಿಟಜೋನ್: ಕಾಲು ಊತ ಬರಬಹುದು. ಹೃದಯ ದುರ್ಬಲವಾದವರಿಗೆ ಇದು ಸಲ್ಲದು. ಊತವೋ ಉಬ್ಬಸವೋ ಕಂಡರೆ ವೈದ್ಯರಿಗೆ ತಿಳಿಸಿ.

ಈಗ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಸೇರಿರುವುದೇ ಹೆಚ್ಚು. ಸಣ್ಣ ಅಕ್ಷರದ ಸಾಲನ್ನು ಕೊನೆಯವರೆಗೆ ಓದಿ, ಇಲ್ಲವೇ ಮಕ್ಕಳಿಂದ ಓದಿಸಿ.

ಉಪವಾಸ ಮಾಡಲೇಬೇಕೆನಿಸಿದರೆ

ತಪಸ್ಸುಕಾಲ ಶುರುವಾಗುವ ಮೊದಲೇ ವೈದ್ಯರ ಬಳಿ ಹೋಗಿ, "ಈ ದಿನ ಊಟ ಕಡಿಮೆ ಮಾಡಬೇಕೆಂದಿದ್ದೇನೆ, ನನ್ನ ಯಾವ ಮಾತ್ರೆಯನ್ನು ಏನು ಮಾಡಲಿ?" ಎಂದು ನೇರವಾಗಿ ಕೇಳಿ. ಗ್ಲಿಮೆಪಿರೈಡ್ ಗುಂಪಿನ ಮಾತ್ರೆಗಳಿಗೆ ಸಾಮಾನ್ಯ ನಿಯಮ ಒಂದೇ: ಊಟವಿಲ್ಲದ ಹೊತ್ತಿಗೆ ಮಾತ್ರೆಯೂ ಇಲ್ಲ. ಉಳಿದವನ್ನು ವೈದ್ಯರೇ ಹೇಳಬೇಕು. ಹಾಗೆಂದು ಎಲ್ಲ ಮಾತ್ರೆಗಳನ್ನೂ ವಾರಗಟ್ಟಲೆ ಬಿಟ್ಟು ಕುಳಿತರೆ ಸಕ್ಕರೆ ಏರುತ್ತದೆ. ಅದೂ ತಪ್ಪು.

ಮಾಂಸತ್ಯಾಗಕ್ಕೆ ಸಕ್ಕರೆ ಕಾಯಿಲೆ ಅಡ್ಡಿಯಲ್ಲ. ಆದರೆ ಮಾಂಸ ಬಿಟ್ಟ ದಿನ ಬರೀ ಅನ್ನ ಸಾರಿನಲ್ಲಿ ಹೊಟ್ಟೆ ತುಂಬಿಸಬೇಡಿ. ಬೇಳೆ, ಹುರುಳಿ, ಸೊಪ್ಪು, ಮೊಟ್ಟೆ ಇರಲಿ. ಉಪವಾಸದ ಬದಲು ಟಿವಿಯನ್ನೋ ಹೊಗೆಸೊಪ್ಪನ್ನೋ ಬಿಡಬಹುದು, ಕಾಯಿಲೆಯವರನ್ನು ನೋಡಿಬರಬಹುದು. ದೇವರು ಅದನ್ನು ಕಡಿಮೆಯೆಂದು ಎಣಿಸುವುದಿಲ್ಲ.

ಮೂರು ಭಾಷೆಗಳ ನಡುವೆ ಒಂದು ಚೀಟಿ

ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಸೀಮೆಯಲ್ಲಿ ವೈದ್ಯರು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ನರ್ಸ್ ತಮಿಳಿನಲ್ಲಿ ಹೇಳುತ್ತಾರೆ, ಅಂಗಡಿಯವರು ತೆಲುಗಿನಲ್ಲಿ ವಿವರಿಸಬಹುದು, ನಾವು ಕನ್ನಡದಲ್ಲಿ ನೆನಪಿಟ್ಟುಕೊಳ್ಳುತ್ತೇವೆ. ಈ ದಾರಿಯಲ್ಲಿ ಅರ್ಥ ಕೆಡುವುದು ಸುಲಭ. ತಮಿಳಿನ "ಸಾಪ್ಪಾಟ್ಟುಕ್ಕು ಮುನ್" ಎಂದರೆ ಊಟಕ್ಕೆ ಮೊದಲು, "ಪಿನ್" ಎಂದರೆ ಊಟದ ನಂತರ. ತೆಲುಗಿನ "ತಿನೇ ಮುಂದು" ಎಂದರೂ ಊಟಕ್ಕೆ ಮೊದಲು ಎಂದೇ. ಕನ್ನಡದ ಕಿವಿಗೆ ಅದು ಊಟ ಆದ "ಮುಂದೆ" ಎಂದು ಕೇಳಿಸಬಹುದು. ಆದ್ದರಿಂದ ತಲೆಯಾಡಿಸಿ ಬರಬೇಡಿ. ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, "ಸರಿಯಾ?" ಎಂದು ಕೇಳಿಯೇ ಎದ್ದು ಬನ್ನಿ.

ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಮಾತ್ರೆಯ ಹೆಸರಿನ ಕೊನೆಯಲ್ಲಿ ಎಸ್‌ಆರ್, ಎಕ್ಸ್‌ಆರ್, ಪಿಆರ್, ಇಆರ್ ಎಂಬ ಅಕ್ಷರಗಳಿದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಅದನ್ನು ಪುಡಿ ಮಾಡಬಾರದು, ಅಗಿಯಬಾರದು. ನುಂಗಲು ಕಷ್ಟವಾದರೆ ಬೇರೆ ಮಾತ್ರೆ ಕೇಳಿ. ಹೆಸರಿನ ಜೊತೆಗಿರುವ 1, 2 ಎಂಬ ಅಂಕಿಯೂ ಮುಖ್ಯ. ಹೆಸರು ಒಂದೇ ಇದ್ದು ಅಂಕಿ ಬದಲಾದರೆ ಔಷಧದ ಪ್ರಮಾಣ ಇಮ್ಮಡಿಯಾಗಿರಬಹುದು.

ತಮಿಳುನಾಡು ಸರ್ಕಾರದ "ಮಕ್ಕಳೈತ್ ತೇಡಿ ಮರುತ್ತುವಂ" ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿಯೇ. ಹೆಸರು ಕೇಳಿ ಇದು ಮಕ್ಕಳ ಯೋಜನೆ ಎಂದುಕೊಂಡವರಿದ್ದಾರೆ. ತಮಿಳಿನಲ್ಲಿ "ಮಕ್ಕಳ್" ಎಂದರೆ ಜನರು. ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಆರೋಗ್ಯ ಕಾರ್ಯಕರ್ತೆಯರು ಮನೆಬಾಗಿಲಿಗೇ ತಂದುಕೊಡುತ್ತಾರೆ. ಇದು ನಮಗೆ ದೊಡ್ಡ ಉಪಕಾರ. ಆದರೆ ಹೊಸೂರಿನಲ್ಲೋ ಬೆಂಗಳೂರಿನಲ್ಲೋ ಬೇರೆ ವೈದ್ಯರನ್ನೂ ಕಾಣುತ್ತಿದ್ದರೆ ಎರಡೂ ಕಡೆಯ ಮಾತ್ರೆಗಳನ್ನು ಒಬ್ಬ ವೈದ್ಯರ ಮುಂದಿಟ್ಟು, ಯಾವುದು ಇರಲಿ ಯಾವುದು ಬೇಡ ಎಂದು ತೀರ್ಮಾನಿಸಿಕೊಳ್ಳಿ. ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ನುಂಗುವ ಅಪಾಯ ತಪ್ಪುವುದು ಹೀಗೆ.

ಸಕ್ಕರೆ ಇಳಿದಾಗ

ಬೆವರು, ನಡುಕ, ಎದೆಬಡಿತ, ತಡೆಯಲಾಗದ ಹಸಿವು, ಕಣ್ಣು ಮಂಜು, ಸಿಡಿಮಿಡಿ, ತೊದಲು ಮಾತು ಇದರ ಲಕ್ಷಣಗಳು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಇಳಿದಿದೆ ಎಂದೇ ತಿಳಿಯಬೇಕು. ಮೀಟರ್ ಇಲ್ಲದಿದ್ದರೆ ಲಕ್ಷಣ ಕಂಡ ಕೂಡಲೇ ಉಪಚಾರ ಮಾಡಿ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತಗೊಳ್ಳುವವರಿಗೆ ನಡುಕ, ಎದೆಬಡಿತ ಗೊತ್ತಾಗದೇ ಇರಬಹುದು. ಅವರು ಬೆವರನ್ನು ಗಮನಿಸಬೇಕು.

ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಕಾಯಿರಿ. ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಸರಿಹೋದ ಮೇಲೆ ಊಟ ಅಥವಾ ತಿಂಡಿ ಕೊಡಲೇಬೇಕು. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತಗೊಳ್ಳುವವರಿಗೆ ಮನೆಯ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಅದು ಕರಗಿ ರಕ್ತ ಸೇರುವುದನ್ನೇ ಆ ಮಾತ್ರೆ ತಡೆದಿರುತ್ತದೆ. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಅಂಥವರ ಮನೆಯಲ್ಲಿ ಒಂದು ಪೊಟ್ಟಣ ಸದಾ ಇರಲಿ.

ಪ್ರಜ್ಞೆ ತಪ್ಪಿದವರ ಬಾಯಿಗೆ ನೀರಾಗಲಿ ಸಕ್ಕರೆಯಾಗಲಿ ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯಬಹುದು. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಗ್ಲಿಮೆಪಿರೈಡ್ ಗುಂಪಿನ ಮಾತ್ರೆಯಿಂದ ಸಕ್ಕರೆ ಬಹಳ ಇಳಿದವರು ಒಮ್ಮೆ ಎದ್ದು ಕುಳಿತರೂ ಕೆಲವು ಗಂಟೆಗಳ ನಂತರ ಮತ್ತೆ ಇಳಿಯಬಹುದು. ಆ ರಾತ್ರಿ ಅವರನ್ನು ಒಬ್ಬರೇ ಬಿಡದೆ ಆಸ್ಪತ್ರೆಯಲ್ಲಿ ತೋರಿಸಿ.

ಜ್ವರ, ವಾಂತಿ, ಭೇದಿ ಬಂದಾಗ

ಕಾಯಿಲೆ ಬಿದ್ದಾಗ ಊಟ ಸೇರದಿದ್ದರೂ ಸಕ್ಕರೆ ಏರಬಹುದು. ಆದ್ದರಿಂದ ಮಾತ್ರೆಗಳನ್ನೆಲ್ಲ ಒಟ್ಟಿಗೆ ಬಿಡುವುದೂ ಸರಿಯಲ್ಲ, ಎಲ್ಲವನ್ನೂ ಹಾಗೆಯೇ ತಗೊಳ್ಳುವುದೂ ಸರಿಯಲ್ಲ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಬತ್ತಿದಾಗ ಮೆಟ್‌ಫಾರ್ಮಿನ್ ಮತ್ತು "ಗ್ಲಿಫ್ಲೋಜಿನ್" ಮಾತ್ರೆಗಳನ್ನು ವೈದ್ಯರು ಸಾಮಾನ್ಯವಾಗಿ ಕೆಲವು ದಿನ ನಿಲ್ಲಿಸುತ್ತಾರೆ. ಅದೇ ದಿನ ವೈದ್ಯರನ್ನು ಕೇಳಿ. ಗಂಜಿ, ಮಜ್ಜಿಗೆ, ನೀರು ಆಗಾಗ ಕೊಡಿ. ಆಪರೇಷನ್ ಆಗಲಿ, ಔಷಧ ಚುಚ್ಚಿ ತೆಗೆಯುವ ಸ್ಕ್ಯಾನ್ ಆಗಲಿ ಇದ್ದರೆ ಸಕ್ಕರೆ ಮಾತ್ರೆ ತಗೊಳ್ಳುವ ವಿಷಯವನ್ನು ಮೊದಲೇ ತಿಳಿಸಿ.

ನಾವು ಸಾಮಾನ್ಯವಾಗಿ ಮಾಡುವ ತಪ್ಪುಗಳು

ಬೆಳಗಿನ ಮಾತ್ರೆ ಮರೆತೆವೆಂದು ರಾತ್ರಿ ಎರಡು ನುಂಗುವುದು. ಹೀಗೆ ಮಾಡಬಾರದು. ಮರೆತದ್ದು ಮರೆತುಹೋಯಿತು, ಮುಂದಿನದನ್ನು ಹೊತ್ತಿಗೆ ತಗೊಳ್ಳಿ.

ಸಕ್ಕರೆ ಸರಿಬಂತೆಂದು ಮಾತ್ರೆ ನಿಲ್ಲಿಸುವುದು. ಅದು ಸರಿಬಂದದ್ದೇ ಮಾತ್ರೆ, ಪಥ್ಯ, ನಡಿಗೆ ಮೂರರಿಂದ.

ಪಕ್ಕದ ಮನೆಯವರಿಗೆ ಒಳ್ಳೆಯದಾದ ಮಾತ್ರೆಯನ್ನು ನಾವೂ ತಗೊಳ್ಳುವುದು. ಅವರ ಕಿಡ್ನಿ ಬೇರೆ, ನಮ್ಮದು ಬೇರೆ.

ಮದ್ಯದ ಜೊತೆ ಮಾತ್ರೆ. ಬರೀ ಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಕುಸಿಯುತ್ತದೆ. ತೂರಾಡುವುದನ್ನು ಕಂಡ ಜನ ಅಮಲೆಂದುಕೊಂಡು ಬಿಟ್ಟುಹೋಗುತ್ತಾರೆ.

ಹೇಳದೆ ಕೇಳದೆ ನಾಟಿ ಪುಡಿ ಸೇರಿಸಿಕೊಳ್ಳುವುದು. ಗಿಡಮೂಲಿಕೆಯೆಂದು ಮಾರಿದ ಕೆಲವು ಪುಡಿಗಳಲ್ಲಿ ಇಂಗ್ಲಿಷ್ ಮಾತ್ರೆಯ ಔಷಧವೇ ಬೆರೆತಿದ್ದುದು ಪತ್ತೆಯಾಗಿದೆ. ಹಾಗಲ ರಸವನ್ನೇ ಕುಡಿಯುತ್ತಿದ್ದರೂ ವೈದ್ಯರಿಗೆ ಹೇಳಿ.

ಅಂಗಡಿಯಲ್ಲಿ ಪಟ್ಟಿ ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆ ತರುವುದು. ಹೆಸರು, ಅವಧಿಯ ದಿನಾಂಕ ಇರುವ ಭಾಗ ಅಂಗಡಿಯಲ್ಲೇ ಉಳಿದಿರುತ್ತದೆ. ಸಾಧ್ಯವಾದರೆ ಪೂರ್ತಿ ಪಟ್ಟಿ ಕೊಳ್ಳಿ, ಇಲ್ಲವೇ ಹೆಸರು ಬರೆಸಿಕೊಳ್ಳಿ.

ಬಸುರಿಯಾದವರು, ಮಗು ಬೇಕೆಂದಿರುವವರು ಕೂಡಲೇ ವೈದ್ಯರನ್ನು ಕಾಣಬೇಕು. ಮಾತ್ರೆ ಬದಲಿಸಬೇಕಾಗಬಹುದು. ಆಗಸ್ಟ್ ಕೊನೆಯಲ್ಲಿ ವೇಳಾಂಕಣ್ಣಿಗೆ ಕಾಲ್ನಡಿಗೆಯಲ್ಲಿ ಹೊರಡುವವರೂ ಮೊದಲೇ ಕೇಳಿಕೊಳ್ಳಲಿ. ದಿನವಿಡೀ ನಡೆದಾಗ ಎಂದಿನ ಪ್ರಮಾಣವೇ ಹೆಚ್ಚಾಗಬಹುದು. ಗ್ಲೂಕೋಸ್ ಪೊಟ್ಟಣ ಸೊಂಟದ ಚೀಲದಲ್ಲಿರಲಿ, ಕಾಲಿಗೆ ಚಪ್ಪಲಿ ಇರಲಿ. ಬರಿಗಾಲಿನ ಹರಕೆ ಸಕ್ಕರೆ ಕಾಯಿಲೆಯವರಿಗೆ ಬೇಡ.

ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಪರೀಕ್ಷೆ ಬೇಕು. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಸುಮಾರು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಹಲವರಿಗೆ ಗುರಿ ಶೇಕಡಾ 7ಕ್ಕಿಂತ ಕಡಿಮೆ. ವಯಸ್ಸಾದವರಿಗೆ ವೈದ್ಯರು ಸ್ವಲ್ಪ ಸಡಿಲ ಮಾಡುತ್ತಾರೆ, ಏಕೆಂದರೆ ಸಕ್ಕರೆ ಇಳಿದು ಬೀಳುವುದು ಅವರಿಗೆ ಹೆಚ್ಚು ಅಪಾಯ. ಕಿಡ್ನಿ, ಕಣ್ಣು, ಪಾದಗಳ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಲಿ.

ಅನ್ಬಿಯಂ ಸಭೆಗೆ

ಈ ಪಾಠ ವೈದ್ಯರ ಮಾತಿಗೆ ಬದಲಲ್ಲ. ವೈದ್ಯರನ್ನು ಏನು ಕೇಳಬೇಕೆಂದು ತಿಳಿಯಲು ಮಾತ್ರ. ಮುಂದಿನ ಸಭೆಯಲ್ಲಿ ಹತ್ತು ನಿಮಿಷ ಇದಕ್ಕಾಗಿ ತೆಗೆದಿಡಿ.

1. ನಮ್ಮ ಮನೆಯ ಮಾತ್ರೆಗಳ ನಿಜವಾದ ಹೆಸರು ನಮಗೆ ಗೊತ್ತೇ? ಅದನ್ನು, ಹೊತ್ತು ಮತ್ತು ಪ್ರಮಾಣದ ಸಮೇತ, ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇವೆಯೇ?

2. ಊಟ ತಪ್ಪಿದ ದಿನ ಯಾವ ಮಾತ್ರೆ ಬಿಡಬೇಕೆಂದು ವೈದ್ಯರನ್ನು ಕೇಳಿದ್ದೇವೆಯೇ?

3. ನಮ್ಮ ಬೀದಿಯಲ್ಲಿ ಒಬ್ಬರೇ ಇರುವ, ಓದಲು ಬಾರದ ಹಿರಿಯರು ಯಾರು? ಅವರ ಮಾತ್ರೆ ಡಬ್ಬಿಯನ್ನು ಯಾರು ನೋಡಿಬರುತ್ತಾರೆ? ಅವರ ಜೊತೆ ಆಸ್ಪತ್ರೆಗೆ ಹೋಗಿ ತಮಿಳಿನಲ್ಲಿ ಮಾತಾಡಲು ನಮ್ಮ ಯುವಕರಲ್ಲಿ ಯಾರು ಸಿದ್ಧ?

ಆ ತಾಯಿ ಈಗ ಚೆನ್ನಾಗಿದ್ದಾರೆ. ಎರಡು ಪಟ್ಟಿಯ ಜಾಗದಲ್ಲಿ ಒಂದೇ ಇದೆ. ಶುಕ್ರವಾರಗಳಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡು, ಮಾತ್ರೆ ತಗೊಂಡು ಶಿಲುಬೆಹಾದಿಗೆ ಬರುತ್ತಾರೆ. ಉಪವಾಸದ ಬದಲು, ಹಾಸಿಗೆ ಹಿಡಿದಿರುವ ನೆರೆಯವರ ಮನೆಯಲ್ಲಿ ದಿನವೂ ಒಂದು ಜಪಮಾಲೆ ಹೇಳುತ್ತಾರೆ.

ಪ್ರಾರ್ಥಿಸೋಣ: ರೋಗಿಗಳನ್ನು ಮುಟ್ಟಿ ಗುಣಪಡಿಸಿದ ಯೇಸುಸ್ವಾಮಿ, ನಮಗೆ ಔಷಧವನ್ನೂ ಅದನ್ನು ಅರಿತು ಬಳಸುವ ಬುದ್ಧಿಯನ್ನೂ ಕೊಡಿ. ಒಬ್ಬರನ್ನೊಬ್ಬರು ನೋಡಿಕೊಳ್ಳುವ ಮನಸ್ಸನ್ನು ಕೊಡಿ. ಆಮೆನ್.